ಮುಟ್ಟಬಾರದ ಅಂಗಿ

ಬೆಳಗಿನಿಂದ ಅಂಗಿಯೊಳಗೆ ಕೆರೆತ. ಎಡ ಭುಜದ ಮೂಳೆಯ ಕೆಳಗೆ, ಯಾವ ಕೈಯೂ ತಲುಪದ ಒಂದು ಕಡೆ. ಮೊಯಿವೊ ಚಾವಡಿಯ ಕಂಬಕ್ಕೆ ಬೆನ್ನೊತ್ತಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಎತ್ತಿನ ಹಾಗೆ ಮೈ ಉಜ್ಜಿದ. ಅಂಗಿಗೆ ಹೊಲಿದಿದ್ದ ಕವಡೆಗಳು ಕಂಬಕ್ಕೆ ತಾಗಿ ಕಟಕಟ ಎಂದವು. ತಾಯಿತಗಳ ಚರ್ಮದಿಂದ ಹಳೆಯ ಬೆವರು, ತಾಳೆ ಎಣ್ಣೆ, ಒಣಗಿದ ಕೋಳಿರಕ್ತ ಎಲ್ಲ ಸೇರಿದ ವಾಸನೆ ಎದ್ದಿತು. ಹದಿನಾಲ್ಕು ತಿಂಗಳಿಂದ ಈ ಅಂಗಿ ನೀರು ಕಂಡಿಲ್ಲ. ತೊಳೆದರೆ ಒಳಗಿನ ಶಕ್ತಿ ಹೊಳೆಗೆ ಹರಿದುಹೋಗುತ್ತದೆ ಎಂದು ದೀಕ್ಷೆ ಕೊಟ್ಟ ಮುದುಕ ಹೇಳಿದ್ದ. ಅಂಗಿ ತೊಟ್ಟವನನ್ನು ಗುಂಡು ಮುಟ್ಟುವುದಿಲ್ಲ, ಅಂಗಿ ತೊಟ್ಟವನನ್ನು ಹೆಂಗಸೂ ಮುಟ್ಟುವಂತಿಲ್ಲ. ಎರಡೂ ಒಂದೇ ಉಸಿರಿನಲ್ಲಿ ಹೇಳಿದ ಮಾತುಗಳು. ಊರು ಕಾಯಲು ಕಟ್ಟಿದ ಬೇಟೆಗಾರರ ಪಡೆಯ ಮುನ್ನೂರು ಜನ ಎರಡನ್ನೂ ಒಂದೇ ಸಮ ನಂಬಿದ್ದರು. ಅವರ ನಾಯಕನಾದ ಮೊಯಿವೊ ಏನನ್ನು ನಂಬಿದ್ದಾನೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ, ರಾಜಧಾನಿ ಫ್ರೀಟೌನಿನಲ್ಲಿ ಪತ್ರಿಕೆಯವರಿಗೆ ಹೇಳುತ್ತಿದ್ದ ಹಾಗೆ, "ನೋಡೋಣ" ಎನ್ನುತ್ತಿದ್ದನೇನೋ.

ಅವನು ಸಂಸತ್ತಿನಲ್ಲಿ ಕೂತದ್ದು ಒಂದು ವರ್ಷ ಚಿಲ್ಲರೆ. ಬೂದು ಬಣ್ಣದ ಸೂಟು, ಹೊಸ ಬೂಟು, ಒಂದೇ ಒಂದು ಭಾಷಣ. ಮೋವಾ ಹೊಳೆಗೆ ಸೇತುವೆ ಬೇಕೆಂದು ಇಪ್ಪತ್ತು ನಿಮಿಷ ಮಾತಾಡಿದ್ದ, ನಡುವೆ ಸಭಾಧ್ಯಕ್ಷರು ಗಡಿಯಾರ ನೋಡಿದ್ದರು. ಆ ನೋಟ ಇವತ್ತಿಗೂ ಹಲ್ಲಿನ ಸಂದಿಗೆ ಸಿಕ್ಕ ಮೀನಿನ ಮುಳ್ಳಿನ ಹಾಗೆ ಇದೆ. ಆಮೇಲೆ ಒಂದು ಬೆಳಿಗ್ಗೆ ಸಿಪಾಯಿಗಳು ರೇಡಿಯೋದಲ್ಲಿ ಸರ್ಕಾರ ಬಿತ್ತು ಎಂದರು, ಅಷ್ಟೇ. ಊರಿನವರು ಮಾತ್ರ ಅವನನ್ನು ಈಗಲೂ 'ಮಾನ್ಯರೇ' ಎಂದೇ ಕರೆಯುತ್ತಾರೆ. ಚುನಾವಣೆಗೆಂದು ಅವನ ಮುಖ ಮುದ್ರಿಸಿ ಉಳಿದ ಪೋಸ್ಟರುಗಳ ನಾಲ್ಕು ಕಟ್ಟು ಚಾವಡಿಯ ಮೂಲೆಯಲ್ಲಿವೆ. ಬೇರೆ ಕಾಗದ ಸಿಗದ ಕಾರಣ ದಾರಿಯ ಪರವಾನಗಿ ಚೀಟಿಗಳನ್ನು ಅವುಗಳ ಬೆನ್ನಿಗೇ ಬರೆಯುತ್ತಾರೆ, ಒಂದು ಪೋಸ್ಟರಿಗೆ ಹದಿನಾರು ಚೂರು. ಇಡೀ ಸೀಮೆಯ ಜನ ಜೇಬಿನಲ್ಲಿ ಅವನ ಒಂದೊಂದು ತುಂಡು ಇಟ್ಟುಕೊಂಡು ತಿರುಗುತ್ತಿದ್ದರು.

"ಈ ಸಲ ಮೂಗು ಕೊಡಿ ಮಾನ್ಯರೇ," ಎಂದ ಸಾಲಿನಲ್ಲಿ ಮೊದಲು ನಿಂತಿದ್ದ ಪಾ ಸೆನೆಸಿ. ಎಪ್ಪತ್ತು ದಾಟಿದ, ಊರಿನ ಹಿರಿಯ. "ಹೋದ ಸಲ ಕಿವಿ ಕೊಟ್ಟಿದ್ರಿ. ದಾರಿ ತಪಾಸಣೆ ಗೇಟಿನವರು ಇದು ಯಾರ ಕಿವಿ ಅಂತ ಹೆಂಗೆ ಹೇಳೋದು ಅಂದು ಅರ್ಧ ದಿನ ಕೂರ್ಸಿದ್ರು."

ಸಾಲಿನಲ್ಲಿದ್ದವರು ನಕ್ಕರು. ಮೊಯಿವೊ ಕೂಡ ನಕ್ಕು ಕಟ್ಟಿನಲ್ಲಿ ಹುಡುಕಿ ಮೂಗಿದ್ದ ಚೂರನ್ನೇ ತೆಗೆದು ಬರೆದುಕೊಟ್ಟ. ಮುದುಕ ಅದನ್ನು ತಿರುಗಿಸಿ ನೋಡಿ, "ಆವಾಗ ಚೆನ್ನಾಗಿ ತಿಂತಿದ್ರಿ" ಎಂದು ಟೋಪಿಯೊಳಗೆ ಇಟ್ಟುಕೊಂಡ. ಉತ್ತರದ ಮರಳುಗಾಡಿನಿಂದ ಬರುವ ಧೂಳುಗಾಳಿ ಆಕಾಶವನ್ನೆಲ್ಲ ಹಾಲು ಬೆರೆಸಿದ ನೀರಿನ ಹಾಗೆ ಮಾಡಿತ್ತು. ಎಲ್ಲರ ತುಟಿಯೂ ಒಡೆದಿತ್ತು. ನಗುವಾಗ ನೋಯುತ್ತಿತ್ತು.

ಚಾವಡಿಯ ಎದುರಿನ ಬೂರುಗದ ಮರದ ಬೇರಿಗೆ ಸಫಾನನ್ನು ಕಟ್ಟಿಹಾಕಿದ್ದರು. ಮೊಯಿವೊ ಅತ್ತ ನೋಡದೆ ಚೀಟಿ ಬರೆಯುತ್ತಿದ್ದ. ನೋಡದಿರುವುದಕ್ಕೆ ಕುತ್ತಿಗೆ ಒಂದೇ ಕಡೆ ಹಿಡಿದು ನೋಯತೊಡಗಿತ್ತು. ಸಫಾ ದೋಣಿಯವನು. ಮೋವಾ ಹೊಳೆಯ ಈ ದಡದಿಂದ ಆ ದಡಕ್ಕೆ, ಆ ದಡದಿಂದ ಈ ದಡಕ್ಕೆ ಜನರನ್ನು ದಾಟಿಸುವುದು ಅವನ ಅಪ್ಪನ ಕಾಲದಿಂದ ಬಂದ ಕೆಲಸ. ನಾಲ್ಕು ದಿನದ ಹಿಂದೆ ಅವನ ದೋಣಿಯಲ್ಲೇ ಕಾಡಿನವರು, ಬಂಡಾಯಗಾರರನ್ನು ಊರಿನವರು ಕರೆಯುವುದು ಹಾಗೆ, ಹೊಳೆ ದಾಟಿ ಬಂದು ಕೆಳಗಿನ ಹಳ್ಳಿಯ ಆರು ಮನೆ ಸುಟ್ಟಿದ್ದರು. ನಿನ್ನೆ ಬೇಟೆಗಾರರು ಅವನನ್ನು ಹಿಡಿದು ತಂದಾಗ ಮೊಯಿವೊನ ಬಲಗೈಯಾದ ಲಾಹಾಯ್, "ಇವನನ್ನ ನಾಳೆ ಹೊತ್ತು ಮುಳುಗೋ ಮುಂಚೆ ಹೊಳೆಗೆ ಕರ್ಕೊಂಡು ಹೋಗ್ತೀವಿ" ಎಂದಿದ್ದ. ಹೊಳೆಗೆ ಕರೆದೊಯ್ಯುವುದೆಂದರೆ ಏನೆಂದು ಎಲ್ಲರಿಗೂ ಗೊತ್ತು, ಹೋದವರು ಹಿಂದಿರುಗುವುದಿಲ್ಲ. ಮೊಯಿವೊ ತಲೆಯಾಡಿಸಿದ್ದ. ಹೌದು ಎಂದಲ್ಲ, ಕೇಳಿಸಿತು ಎಂದು. ಸಂಸತ್ತಿನಲ್ಲಿ ಆ ಎರಡರ ನಡುವೆ ಎಷ್ಟು ಜಾಗ ಬೇಕಾದರೂ ಇರುತ್ತಿತ್ತು. ಇಲ್ಲಿ ಲಾಹಾಯ್ ಆಗಲೇ ಕತ್ತಿ ಮಸೆಯಲು ಕುಳಿತಿದ್ದ.

ಆ ದೋಣಿಯ ತಳ ಹೇಗಿದೆ ಎಂದು ಮೊಯಿವೊನಿಗೆ ಗೊತ್ತು. ಮಧ್ಯದ ಹಲಗೆಯಲ್ಲಿ ಒಂದು ಗಂಟು, ಅದರ ಪಕ್ಕ ಟಾರು ಮೆತ್ತಿದ ಬಿರುಕು. ಸರ್ಕಾರ ಬಿದ್ದ ಮೂರನೆಯ ದಿನ ಸಿಪಾಯಿಗಳು ಅವನ ಹೆಸರು ಹಿಡಿದು ಸಂತೆಯಲ್ಲಿ ಹುಡುಕುತ್ತಿದ್ದಾಗ, ಸಫಾನ ತಾಯಿ ಮಾ ಟೆನ್ನೆ ತನ್ನ ಮೀನಿನ ಅಂಗಡಿಯ ಹಿಂದೆ ಅವನನ್ನು ಎಳೆದುಕೊಂಡು, ತಾನು ಉಟ್ಟಿದ್ದ ಹಸಿರು ಬಟ್ಟೆಯನ್ನೇ ಬಿಚ್ಚಿ ಅವನ ಸೊಂಟಕ್ಕೆ ಸುತ್ತಿ, ತಲೆಗೆ ವಸ್ತ್ರ ಬಿಗಿದು, ಮೀನಿನ ಬುಟ್ಟಿ ಹೊರಿಸಿದ್ದಳು. ಒಳಲಂಗದಲ್ಲೇ ನಿಂತು ಅವನ ಗದ್ದ ಹಿಡಿದು ನೋಡಿ, "ಗಡ್ಡ ಬುಟ್ಟಿ ನೆರಳಲ್ಲಿರ್ಲಿ. ನಡಿ" ಎಂದಿದ್ದಳು. ದಡದಲ್ಲಿದ್ದ ಸಿಪಾಯಿ, "ಏನಮ್ಮಾ ದಪ್ಪಮ್ಮಾ, ದೋಣಿ ಮುಳುಗಿಸ್ತೀಯಾ?" ಎಂದು ಕೇಳಿದಾಗ ಮೊಯಿವೊ ನಕ್ಕಿದ್ದ. ಸುಮ್ಮನಿದ್ದಿದ್ದರೂ ಸಾಕಿತ್ತು. ಅವನು ಹೆಂಗಸಿನ ಹಾಗೆ, ಬಾಯಿಗೆ ಬಟ್ಟೆ ಅಡ್ಡ ಹಿಡಿದು, ಸಣ್ಣಗೆ ಕಿಲಕಿಲ ನಕ್ಕಿದ್ದ. ಅಷ್ಟು ಸಲೀಸಾಗಿ ಬಂದಿತ್ತು ಆ ನಗು. ಬಟ್ಟೆಯನ್ನು ಕ್ಷಮಿಸಬಹುದಿತ್ತು, ಪ್ರಾಣಭಯಕ್ಕೆ ಉಟ್ಟದ್ದು. ನಗುವನ್ನು ಏನು ಮಾಡುವುದು? ಹುಟ್ಟು ಹಾಕುತ್ತ ಎದುರಿಗೆ ಕುಳಿತಿದ್ದ ಸಫಾ ಅದನ್ನು ಕೇಳಿದ್ದ.

ಹನ್ನೊಂದು ದಿನದ ನಂತರ ದೀಕ್ಷೆ. ಹೊಗೆ ತುಂಬಿದ ಗುಡಿಸಲ ಮುಂದೆ ಮೂವತ್ತು ಜನರ ಸಾಲು, ಎಲ್ಲರೂ ಅವನಿಗೆ ಮತ ಹಾಕಿದವರೇ. ಅವನ ಹಿಂದೆಯೇ ಲಾಹಾಯ್, ಆಮೇಲೆ ಲಾಹಾಯ್‌ನ ತಮ್ಮ ಜುಸು. ದೀಕ್ಷೆಯ ಮುದುಕ ಒಬ್ಬೊಬ್ಬರನ್ನೂ ಕೇಳುತ್ತಿದ್ದ: ಹೆಂಗಸಿನ ಬಟ್ಟೆ ನಿನ್ನ ಮೈಮೇಲೆ ಬಂದಿದೆಯಾ? ಬಂದಿದ್ದರೆ ಹೇಳಿಬಿಡು, ಏಳು ದಿನ ಬೇರೆ ಗುಡಿಸಲಲ್ಲಿಟ್ಟು ಸೊಪ್ಪಿನ ನೀರಲ್ಲಿ ತೊಳೆಯುತ್ತೇನೆ, ದೋಷ ಹೋಗುತ್ತದೆ. ಮುಚ್ಚಿಟ್ಟು ಅಂಗಿ ತೊಟ್ಟರೆ ಗುಂಡು ನಿನ್ನನ್ನಂತೂ ಮುಟ್ಟುವುದಿಲ್ಲ, ಆದರೆ ನಿನ್ನ ಪಕ್ಕದವನನ್ನು ಹುಡುಕಿಕೊಂಡು ಹೋಗುತ್ತದೆ. ಮೊಯಿವೊ ತಕ್ಷಣ "ಇಲ್ಲ" ಎಂದಿದ್ದ. ಏಳು ದಿನ ಬೇರೆ ಗುಡಿಸಲಲ್ಲಿ ಕೂತರೆ ಯಾಕೆಂದು ಎಲ್ಲರೂ ಕೇಳುತ್ತಾರೆ, ಮಾನ್ಯರು ಹೆಂಗಸಿನ ಬಟ್ಟೆ ಉಟ್ಟು ಓಡಿಹೋದರಂತೆ ಎಂದು ಮಕ್ಕಳೂ ಹಾಡು ಕಟ್ಟುತ್ತಾರೆ. ಎರಡು ತಿಂಗಳ ಹಿಂದೆ ರಬ್ಬರ್ ತೋಟದ ಕಾಳಗದಲ್ಲಿ ಜುಸು ಅವನ ಎಡಗಡೆ ನಿಂತಿದ್ದ. ಗುಂಡು ಜುಸುವಿನ ಗಂಟಲಿಗೆ ಬಿತ್ತು. ಅದೇ ಅಂಗಿ, ಅದೇ ಮಂತ್ರ. ಹಾಗಾದರೆ ಜುಸುವೇ ಏನೋ ನಿಯಮ ಮುರಿದಿದ್ದಾನೆ ಎಂದರು. ಹಿಂದಿನ ವಾರ ರಜೆಗೆ ಹೋದವನು ಅಂಗಿ ಕಳಚದೆ ಹೆಂಡತಿಯ ಹತ್ತಿರ ಹೋಗಿರಬೇಕು ಎಂದರು. ಮೊದಲು ಹಾಗೆಂದವನು ಲಾಹಾಯ್. ತಮ್ಮನ ಹೆಂಡತಿ ಯೆಮಾ ಆಣೆ ಇಟ್ಟರೂ ನಂಬದೆ, ಸತ್ತವನ ಹೆಸರಿನ ನಲವತ್ತನೆಯ ದಿನದ ಊಟ ಕೂಡ ಮಾಡಗೊಡಲಿಲ್ಲ. ಆ ಮಾತು ನಡೆಯುವಾಗ ಮೊಯಿವೊ ಅಲ್ಲೇ, ಇದೇ ಚಾವಡಿಯಲ್ಲಿ, ಇದೇ ಕಂಬಕ್ಕೆ ಒರಗಿ ಕೂತಿದ್ದ. ಇದೆಲ್ಲ ಮೂಢನಂಬಿಕೆ, ಗುಂಡಿಗೆ ಕಣ್ಣಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಕಣ್ಣಿಲ್ಲದ ಗುಂಡು ಹದಿನಾಲ್ಕು ತಿಂಗಳಿಂದ ತನ್ನನ್ನೊಬ್ಬನನ್ನೇ ಯಾಕೆ ಬಿಟ್ಟು ಹೋಗುತ್ತಿದೆ ಎಂಬ ಇನ್ನೊಂದು ಮಾತು ಅದರ ಬೆನ್ನಿಗೇ ಬರುತ್ತಿತ್ತು.

ಮಧ್ಯಾಹ್ನ ಮರಗೆಣಸಿನ ಸೊಪ್ಪಿನ ಸಾರು, ಅನ್ನ ಬಂತು. ಎರಡು ತುತ್ತು ತಿಂದು ನಿಲ್ಲಿಸಿದ. ತಟ್ಟೆ ಎತ್ತಿಕೊಂಡು ಅವನು ಬೂರುಗದ ಮರದ ಹತ್ತಿರ ಹೋದ. ಕಾವಲಿನವನು ದೂರ ಸರಿದ. ಸಫಾನ ಕೈಕಟ್ಟು ಬಿಗಿದಿದ್ದ ಕಡೆ ಚರ್ಮ ಊದಿಕೊಂಡಿತ್ತು.

"ಸ್ವಲ್ಪ ಸಡಿಲ ಮಾಡಿ ಅಂತ ಬೆಳಗ್ಗಿಂದ ಹೇಳ್ತಿದೀನಿ," ಎಂದ ಸಫಾ, ಹಳೆಯ ಗಿರಾಕಿಯ ಹತ್ತಿರ ದೂರು ಹೇಳುವವನ ಹಾಗೆ. "ನಾನು ನೀರಲ್ಲಾದ್ರೆ ಓಡೇನು. ನೆಲದ ಮೇಲೆ ಓಡೋಕೆ ನಂಗೆ ಯಾವತ್ತು ಬಂದಿತ್ತು?"

ಮೊಯಿವೊ ತಟ್ಟೆಯನ್ನು ಅವನ ತೊಡೆಯ ಮೇಲಿಟ್ಟು ಒಂದು ಕೈಯ ಹಗ್ಗ ಬಿಚ್ಚಿದ. "ಕಾಡಿನವರನ್ನ ಯಾಕೆ ದಾಟಿಸ್ದೆ?"

"ಬಂದೂಕು ಇಟ್ರು. ಇಡದಿದ್ರೂ ದಾಟಿಸ್ತಿದ್ನೇನೋ. ದಡಕ್ಕೆ ಬಂದು ಕೂಗಿದವನ್ನ ದಾಟಿಸೋದು. ಯಾರು, ಯಾಕೆ ಅಂತ ಕೇಳ್ತಾ ಕೂತ್ರೆ ನಮ್ಮ ಕೆಲ್ಸ ಆಗುತ್ತಾ?" ಸಫಾ ಅನ್ನ ಕಲಸಿದ. "ನಿಮ್ಮ ಸೇತುವೆ ಆಗಿದ್ರೆ ಈ ಗೋಳೇ ಇರ್ತಿರ್ಲಿಲ್ಲ ಮಾನ್ಯರೇ. ಸೇತುವೇನ ಯಾರೂ ಮರಕ್ಕೆ ಕಟ್ಟಲ್ಲ."

ಮೊಯಿವೊ ದನಿ ತಗ್ಗಿಸಿದ. "ನಮ್ಮವರ ಹತ್ರ ನನ್ನ ವಿಷಯ ಏನಾದ್ರೂ ಹೇಳಿದ್ಯಾ?"

"ನಿಮ್ಮ ಯಾವ ವಿಷಯ?"

"ನಾನು ದಾಟಿದ್ದು. ಆವತ್ತು."

ಸಫಾ ಬಾಯಲ್ಲಿದ್ದದ್ದನ್ನು ನುಂಗಿ ಅವನ ಮುಖ ನೋಡಿದ. "ದಿನಕ್ಕೆ ನಲವತ್ತು ಜನ ದಾಟ್ತಾರೆ ಮಾನ್ಯರೇ" ಎಂದು ಮತ್ತೆ ತಟ್ಟೆಗೆ ಬಗ್ಗಿದ. ಮೊಯಿವೊ ಅಲ್ಲೇ ನಿಂತ. ಇವನು ಮರೆತಿದ್ದಾನೆಯೇ, ಮರೆತವನ ಹಾಗೆ ಮಾಡುತ್ತಿದ್ದಾನೆಯೇ? ತಾನು ಹದಿನಾಲ್ಕು ತಿಂಗಳಿಂದ ಅಂಗಿಯೊಳಗೆ ಹೊತ್ತು ತಿರುಗುತ್ತಿರುವುದು ಇವನ ಪಾಲಿಗೆ ನಲವತ್ತರಲ್ಲಿ ಒಬ್ಬ ದಪ್ಪ ಹೆಂಗಸಿರಬಹುದು ಎನಿಸಿದಾಗ ನಿರಾಳವಾಗಬೇಕಿತ್ತು. ಆಗಲಿಲ್ಲ, ಅವಮಾನವಾಯಿತು. ಮರುಕ್ಷಣವೇ ಅದಕ್ಕಿಂತ ಕೆಟ್ಟದ್ದೊಂದು ಹೊಳೆಯಿತು. ಇವನು ಇವತ್ತು ಹೊಳೆಗೆ ಹೋದರೆ, ಮರೆತದ್ದೋ ಮರೆಯದ್ದೋ, ಎಲ್ಲ ಅಲ್ಲಿಗೆ ಮುಗಿಯುತ್ತದೆ. ನಿನ್ನೆ ತಲೆಯಾಡಿಸಿದ್ದು ಕೇಳಿಸಿತು ಎನ್ನುವುದಕ್ಕೋ, ಇದಕ್ಕೋ? ಬಿಚ್ಚಿದ ಹಗ್ಗವನ್ನು ತಿರುಗಿ ಕಟ್ಟಲು ಅವನಿಗೆ ಕೈ ಬರಲಿಲ್ಲ. ಕಟ್ಟೆಂದು ಕಾವಲಿನವನಿಗೆ ಹೇಳಿ ಚಾವಡಿಗೆ ಬಂದ.

ಬಿಸಿಲು ಇಳಿಮುಖವಾದಾಗ ಮಾ ಟೆನ್ನೆ ಬಂದಳು. ಬೇಡಿಕೊಳ್ಳಲು ಒಬ್ಬರೇ ಬರುವ ಪದ್ಧತಿಯಿಲ್ಲ, ಜೊತೆಗೆ ಹಿರಿಯರೊಬ್ಬರು ಬೇಕು. ಪರವಾನಗಿ ಚೀಟಿ ಹಿಡಿದು ಊರು ಬಿಡಲು ಹೊರಟಿದ್ದ ಪಾ ಸೆನೆಸಿಯನ್ನೇ ದಾರಿಯಲ್ಲಿ ತಡೆದು ಕರೆತಂದಿದ್ದಳು. ಎಲೆಯಲ್ಲಿ ಸುತ್ತಿದ ಕಾಣಿಕೆಯ ಕೋಲಾ ಬೀಜಗಳನ್ನು ಮುದುಕ ಚಾವಡಿಯ ಮೆಟ್ಟಿಲ ಮೇಲಿಟ್ಟ. ಬೇಟೆಗಾರರು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಲಾಹಾಯ್ ಮಸೆದ ಕತ್ತಿಯನ್ನು ಕಂಕುಳಲ್ಲಿಟ್ಟುಕೊಂಡು, ಹೆಗಲಿಗೆ ಬಂದೂಕು ಹಾಕಿಕೊಂಡು ಮೊಯಿವೊನ ಪಕ್ಕಕ್ಕೆ ಬಂದ.

"ಇವಳು ಬೇಡೋಕೆ ಬಂದಿದಾಳೆ," ಎಂದ ಪಾ ಸೆನೆಸಿ. "ಮಗ ತಪ್ಪು ಮಾಡಿಲ್ಲ ಅಂತ ಹೇಳೋಕೆ ಬಂದಿಲ್ಲ. ಕಾಲು ಹಿಡಿಯೋಕೆ ಬಂದಿದಾಳೆ."

ಆ ಸೀಮೆಯಲ್ಲಿ ಕಾಲು ಹಿಡಿದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ತಲೆಯ ಮೇಲೆ ಕೈಯಿಟ್ಟು ಎದ್ದೇಳು ಎನ್ನಲೇಬೇಕು, ಎಂದ ಮೇಲೆ ಅಪರಾಧ ಅಲ್ಲಿಗೆ ಮುಗಿಯಿತು. ಕೊಲೆಗಳೂ ಹಾಗೆ ಮುಗಿದದ್ದುಂಟು. ಮಾ ಟೆನ್ನೆ ಮೆಟ್ಟಿಲ ಕಡೆ ಒಂದು ಹೆಜ್ಜೆ ಇಟ್ಟಳು.

"ಅಲ್ಲೇ ನಿಂತ್ಕೋ ಅವ್ವಾ!" ಲಾಹಾಯ್ ಕೈ ಅಡ್ಡ ಹಿಡಿದ. "ಮಾನ್ಯರು ಅಂಗಿ ಹಾಕಿದಾರೆ, ಕಾಣಲ್ವಾ? ಮುಟ್ಟಿದ್ರೆ ನಾಳೆ ಕಾಳಗದಲ್ಲಿ ನಮ್ಮಲ್ಲಿ ಎಷ್ಟು ಜನ ಹೋಗ್ತಾರೆ ಗೊತ್ತಾ?"

ಅವಳು ನಿಂತಳು. ಅಲ್ಲಿಗೆ ದಾರಿ ಮುಚ್ಚಿತು. ಕಾಲು ಹಿಡಿಯದೆ ಬೇಡಿಕೆಯಿಲ್ಲ, ಅಂಗಿಯಿರುವಾಗ ಕಾಲು ಮುಟ್ಟುವಂತಿಲ್ಲ. ಮೊಯಿವೊನಿಗೆ ಒಂದು ಗಳಿಗೆ ಬೆನ್ನಿನ ಕೆರೆತವೂ ನಿಂತ ಹಾಗಾಯಿತು. ತಾನು ಏನೂ ಹೇಳಬೇಕಾಗಿಲ್ಲ. ನಿಯಮವೇ ಹೇಳುತ್ತಿದೆ. ಸುಮ್ಮನೆ ಕೂತರೆ ಸಾಕು, ಬಿಸಿಲು ಇನ್ನು ಎರಡು ಮಾರು ಇಳಿಯುತ್ತದೆ. ಈ ಅಂಗಿಯನ್ನು ತಾನು ಗುಂಡಿಗಾಗಿ ತೊಟ್ಟಿದ್ದೇನೆಂದು ತಿಳಿದಿದ್ದ, ಇಂಥ ಮುದುಕಿಯರ ಕೈಗೆ ಸಿಕ್ಕದಿರಲು ತೊಟ್ಟಿದ್ದೇನೆ ಎಂದು ಈಗ ಗೊತ್ತಾಯಿತು. ಆದರೆ ಅವಳ ಹತ್ತಿರ ಒಂದು ಮಾತಿದೆ. ಈಗ ಹೇಳುತ್ತಾಳೆ, ಹೇಳದೆ ಬಿಡುತ್ತಾಳೆಯೇ, ಮಗನ ಪ್ರಾಣದ ಪ್ರಶ್ನೆ. ನನ್ನ ಬಟ್ಟೆ ಉಟ್ಟು ದಾಟಿದವನಲ್ಲವೇ ನೀನು ಎಂದರೆ ಸಾಕು. ಅವನು ಆ ಮಾತಿಗಾಗಿ ಕಾದ. ಬಂದರೆ ಏನು ಹೇಳಬೇಕೆಂದು ಸಂಸತ್ತಿನವನ ನಾಲಿಗೆ ಆಗಲೇ ಸಿದ್ಧಮಾಡುತ್ತಿತ್ತು: ಪಾಪ, ದುಃಖದಲ್ಲಿ ಏನೇನೋ ಆಡುತ್ತಿದ್ದಾಳೆ.

ಮಾ ಟೆನ್ನೆ ನಿಂತಲ್ಲೇ ಮಂಡಿಯೂರಿದಳು. ಅವನ ಕಾಲಿಗೂ ಅವಳಿಗೂ ನಡುವೆ ಎರಡು ಮಾರು ನೆಲವಿತ್ತು. ಅವಳು ಆ ನೆಲದ ಮೇಲೆ, ಅಲ್ಲಿ ಕಾಲಿದ್ದ ಹಾಗೆಯೇ, ಎರಡೂ ಅಂಗೈ ಇಟ್ಟು ತಲೆ ಬಗ್ಗಿಸಿದಳು. ಮಾತಿಲ್ಲ. ಅವನು ಇನ್ನೂ ಕಾದ. ಧೂಳು ಅವಳ ಕೈಬೆರಳ ಮೇಲೆ ಕೂರುತ್ತಿತ್ತು. ಅವಳು ತಲೆ ಎತ್ತಿ ಒಮ್ಮೆ ಅವನನ್ನು ನೋಡಿದಳು. ಆ ನೋಟದಲ್ಲಿ ಬೆದರಿಕೆಯಿರಲಿ, ನೆನಪಿಸುವ ಆಸೆಯೂ ಇರಲಿಲ್ಲ. ಸಂತೆಯಲ್ಲಿ ಗದ್ದ ಹಿಡಿದು ನೋಡಿದಾಗಲೂ ಹೀಗೇ ನೋಡಿದ್ದಳು, ಇವನನ್ನು ಮುಚ್ಚಿಡಬೇಕು ಎಂಬಂತೆ. ಮಗನ ಕುತ್ತಿಗೆಯ ಮೇಲೆ ಕತ್ತಿಯಿರುವಾಗಲೂ ಅವಳು ಅವನನ್ನು ಮುಚ್ಚಿಡುತ್ತಲೇ ಇದ್ದಳು.

ಮೊಯಿವೊ ಎದ್ದ. ಕುತ್ತಿಗೆಯ ದಾರ ಬಿಚ್ಚಲು ಹೋದರೆ ಗಂಟು ಬೆವರಿಗೆ ಬಿಗಿದುಹೋಗಿತ್ತು, ಹಲ್ಲಿನಿಂದ ಎಳೆಯಬೇಕಾಯಿತು. ಅಂಗಿ ಮೈಗೆ ಅಂಟಿಕೊಂಡಿತ್ತು. ತಲೆಯ ಮೇಲಿಂದ ಎಳೆಯುವಾಗ ಒಂದು ಕ್ಷಣ ಒಳಗೆ ಸಿಕ್ಕಿಕೊಂಡು ಕೈ ಬಡಿದ. ಯಾರೋ ನಗಲು ಹೋಗಿ ತಡೆದುಕೊಂಡದ್ದು ಕೇಳಿಸಿತು. ಹೊರಗೆ ಬಂದಾಗ ಹೊಟ್ಟೆ, ಎದೆ, ಬೆನ್ನಿನ ತುಂಬ ಕೆಂಪು ಗುಳ್ಳೆಗಳು. ಗಾಳಿ ತಾಗಿ ಮೈ ಜುಮ್ಮೆಂದಿತು. ಮೆಟ್ಟಿಲಿಳಿದು ಹೋಗಿ ಅವಳ ಮುಂದೆ ನೆಲದ ಮೇಲೆ ಕೂತು ಕಾಲು ಚಾಚಿದ.

"ಈಗ ಹಿಡ್ಕೋ ಅವ್ವಾ."

ಅವಳ ಒರಟು ಕೈಗಳು ಅವನ ಪಾದಗಳನ್ನು ಸುತ್ತಿದವು.

"ಮಾನ್ಯರೇ, ಏನ್ ಮಾಡ್ತಿದೀರಿ?" ಲಾಹಾಯ್ ಕೂಗಿದ. "ಅಂಗಿ ತೆಗೆದ್ರೆ ಆಯ್ತಾ? ಆರು ಮನೆ ಸುಟ್ಟವರನ್ನ ದಾಟಿಸಿದಾನೆ ಅವನು. ಅವನ್ನ ಬಿಡೋಕೆ ಕಾರಣ ಹೇಳಿ. ಇವಳ ಕಣ್ಣೀರು ಬಿಟ್ಟು ಬೇರೆ ಕಾರಣ."

"ನನ್ನನ್ನೂ ದಾಟಿಸಿದಾನೆ," ಎಂದ ಮೊಯಿವೊ. "ದಡಕ್ಕೆ ಬಂದವರನ್ನ ದಾಟಿಸ್ತಾನೆ. ಅಷ್ಟೇ ಅವನು ಮಾಡಿದ್ದು. ಸಿಪಾಯಿಗಳು ನನ್ನ ಹುಡುಕ್ತಿದ್ದ ದಿನ ಅವನ ದೋಣೀಲೇ ಹೋದೆ. ಈ ತಾಯಿ ಬಟ್ಟೆ ಉಟ್ಕೊಂಡು."

ಪಾ ಸೆನೆಸಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹೆಂಗಸಿನ ಬಟ್ಟೆ," ಎಂದ ಲಾಹಾಯ್.

"ಹೌದು."

"ದೀಕ್ಷೆಗೆ ಮುಂಚೆಯೋ, ಆಮೇಲೋ?"

"ಮುಂಚೆ. ಹನ್ನೊಂದು ದಿನ ಮುಂಚೆ. ಮುದುಕ ಕೇಳಿದಾಗ ಇಲ್ಲ ಅಂದೆ. ನೀನು ನನ್ನ ಹಿಂದೇನೇ ನಿಂತಿದ್ದೆ, ಕೇಳಿಸ್ಕೊಂಡಿದೀಯ."

ಲಾಹಾಯ್ ಹೆಗಲಿನ ಬಂದೂಕನ್ನು ಕೈಗೆ ತೆಗೆದುಕೊಂಡ. ಮೊಯಿವೊ ಅದನ್ನು ನೋಡಿದ. ಹದಿನಾಲ್ಕು ತಿಂಗಳಿಂದ ಕಾಳಗಗಳಲ್ಲಿ ಮುಂದೆ ನಡೆದಿದ್ದ, ಹೆದರಿರಲಿಲ್ಲ, ಅಥವಾ ಹೆದರಿಕೆ ಅಂಗಿಯ ಹೊರಗೆ ಉಳಿದಿತ್ತು. ಈಗ ಅದು ಬರಿಮೈಯ ಮೇಲೆ ಇರುವೆಯಂತೆ ಹರಿಯುತ್ತಿತ್ತು, ಹೊಟ್ಟೆಯ ಚರ್ಮ ತಾನಾಗಿ ನಡುಗುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು. ಕಾಣಲಿ ಎಂದುಕೊಂಡ. ಪಾದಗಳ ಮೇಲಿನ ಕೈಗಳು ಮಾತ್ರ ಬಿಸಿಯಾಗಿದ್ದವು. ಲಾಹಾಯ್‌ನ ತುಟಿ ಅಲುಗುತ್ತಿತ್ತು. ರಬ್ಬರ್ ತೋಟದಲ್ಲಿ ಯಾರು ಯಾರ ಪಕ್ಕ ನಿಂತಿದ್ದರು ಎಂದು ಒಬ್ಬೊಬ್ಬರನ್ನೇ ಮತ್ತೆ ನಿಲ್ಲಿಸಿ ನೋಡುತ್ತಿರುವ ಹಾಗಿತ್ತು.

"ನಿಮ್ಮ ಎಡಗಡೆ ಜುಸು ಇದ್ದ" ಎಂದ.

"ಹೌದು."

"ಹಾಗಾದ್ರೆ ಅವನು ಏನೂ ಮಾಡಿರ್ಲಿಲ್ಲ." ಅವನ ದನಿ ಒಡೆಯಿತು. "ಅವನು ನಿಯಮ ಮುರಿದಿರ್ಲಿಲ್ಲ. ಯೆಮಾ ಹೇಳಿದ್ದು ನಿಜ. ನಾನು ಅವಳ ಮುಖಕ್ಕೆ ಉಗಿದೆ ಮಾನ್ಯರೇ. ಅವನ ಹೆಸರಲ್ಲಿ ಒಂದು ಹಿಡಿ ಅನ್ನ ಬೇಯಿಸೋಕೆ ಬಿಡ್ಲಿಲ್ಲ."

ಬಂದೂಕಿನ ಹಿಡಿಯನ್ನು ನೆಲಕ್ಕೂರಿ ಅದರ ಮೇಲೆ ಭಾರ ಬಿಟ್ಟು ನಿಂತ. ಯಾರ ಕಡೆಯೂ ನೋಡದೆ, "ಆ ದೋಣಿಯವನ ಹಗ್ಗ ಬಿಚ್ರೋ" ಎಂದ. ಮತ್ತೆ ಮೊಯಿವೊನಿಗೆ, "ನಾನು ಮೊದ್ಲು ಯೆಮಾ ಹತ್ರ ಹೋಗ್ಬೇಕು. ಅವಳ ಕಾಲು ಹಿಡೀಬೇಕು. ನಿಮ್ಮದು ಆಮೇಲೆ. ಎಲ್ಲೂ ಹೋಗ್ಬೇಡಿ."

"ಹೋಗಲ್ಲ" ಎಂದ ಮೊಯಿವೊ.

ಲಾಹಾಯ್ ಬಂದೂಕು ಹೆಗಲಿಗೇರಿಸಿ ಊರ ಕಡೆ ನಡೆದ. ಮೊದಲು ಮೆಲ್ಲಗೆ ನಡೆದವನು ಬಾವಿಯ ತಿರುವಿನಲ್ಲಿ ಓಡತೊಡಗಿದ್ದು ಕಂಡಿತು. ಸುತ್ತ ನಿಂತವರಲ್ಲಿ ಕೆಲವರು ಚಾವಡಿಯ ಕಂಬದ ಬಳಿ ಬಿದ್ದಿದ್ದ ಅಂಗಿಯನ್ನು ನೋಡುತ್ತಿದ್ದರು, ಯಾರೂ ಅದರ ಹತ್ತಿರ ಹೋಗಲಿಲ್ಲ. ಲಾಹಾಯ್ ತಿರುಗಿ ಬಂದಾಗ ಏನಾಗುತ್ತದೆ ಎಂದು ಮೊಯಿವೊ ಲೆಕ್ಕ ಹಾಕಲು ಹೋದ. ಆಗಲಿಲ್ಲ. ಯಾವ ಮಾತೂ ನಾಲಿಗೆಗೆ ಸಿದ್ಧವಾಗಿ ಬರಲಿಲ್ಲ.

"'ಎದ್ದೇಳು' ಅನ್ನಪ್ಪಾ," ಎಂದಳು ಮಾ ಟೆನ್ನೆ, ಬಗ್ಗಿಸಿದ ತಲೆ ಎತ್ತದೆ, ಅವನಿಗಷ್ಟೇ ಕೇಳುವಂತೆ. "ನೀನು ಅನ್ನೋ ತನಕ ನಾನು ಏಳೋ ಹಾಗಿಲ್ಲ. ಮಂಡಿ ಸತ್ತುಹೋಗ್ತಿದೆ."

ಅವನು ಅವಳ ತಲೆಯ ಮೇಲೆ ಕೈಯಿಟ್ಟ. "ಎದ್ದೇಳು ಅವ್ವಾ."

ಅವಳು ಏಳಲು ಅವನ ಹೆಗಲನ್ನೇ ಊರಿಕೊಂಡಳು.